ಆತ್ಮ, ಪ್ರಾಣ, ಶರೀರ: ಮನುಷ್ಯನಲ್ಲಿ ಇರೋದು ಎರಡೋ ಮೂರೋ?

ಕಬ್ಬಿನೂರು, ಮಂಡ್ಯ

ಯುವಜನರ ಬೈಬಲ್ ಅಧ್ಯಯನಕ್ಕೆ ಒಂದೂವರೆ ಗಂಟೆಯ ಪಾಠ ಸಿದ್ಧ ಮಾಡಬೇಕು. ವಿಷಯ: ಮನುಷ್ಯನಿಗೆ ಆತ್ಮ ಅಂತ ಬೇರೆಯಾಗಿ ಒಂದು ಇದೆಯಾ? ಸತ್ಯವೇದ (ಕನ್ನಡ ಬೈಬಲ್) ಬಿಡಿಸಿ ಕೂತರೆ ವಚನಗಳು ಒಂದೊಂದು ದಿಕ್ಕಿಗೆ ಎಳೀತವೆ. 1 ಥೆಸಲೊನೀಕ 5:23ರಲ್ಲಿ ‘ಆತ್ಮ ಪ್ರಾಣ ಶರೀರ’ ಅಂತ ಮೂರು. ಮತ್ತಾಯ 10:28ರಲ್ಲಿ ಆತ್ಮ, ದೇಹ, ಎರಡೇ. ಆದಿಕಾಂಡ 2:7ರಲ್ಲಂತೂ ದೇವರು ಜೀವಶ್ವಾಸ ಊದಿದಾಗ ಮನುಷ್ಯ ‘ಬದುಕುವ ಪ್ರಾಣಿಯಾದನು’. ಆತ್ಮವನ್ನು ಪಡೆದನು ಅಂತಿಲ್ಲ, ಪ್ರಾಣಿ *ಆದನು* ಅಂತಿದೆ.

ಹುಡುಗರು ಕೇಳೋದು ಗ್ಯಾರಂಟಿ ಅನ್ನೋ ಪ್ರಶ್ನೆಗಳು ಇನ್ನೂ ಮೂರಿವೆ. ನಾಯಿಗೂ ಆತ್ಮ ಇದೆಯಾ? ಸತ್ತಾಗ ದೇಹದ ತೂಕ 21 ಗ್ರಾಂ ಇಳಿಯುತ್ತೆ ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದು ನಿಜವಾ? ಗೀತೆಯಲ್ಲಿ ಹೇಳೋ ಆತ್ಮವೂ ಬೈಬಲಿನ ಆತ್ಮವೂ ಒಂದೇನಾ? ಬರೋರಲ್ಲಿ ಹಿಂದೂ ಗೆಳೆಯರೂ ಇರ್ತಾರೆ, ಹಾಗಾಗಿ ಹಾರಿಕೆಯ ಉತ್ತರ ನಡೆಯಲ್ಲ. ತಿಳಿದವರು ದಾರಿ ತೋರಿಸಿ.

ಹಳೇಪುಸ್ತಕ, ಮೈಸೂರು

ಎಣಿಸೋದನ್ನು ಪಕ್ಕಕ್ಕಿಟ್ಟು ಮೊದಲು ಪದಗಳನ್ನು ಬಿಡಿಸಿ. ಗೊಂದಲದ ಮುಕ್ಕಾಲು ಪಾಲು ಹುಟ್ಟಿರೋದು ನಮ್ಮ ‘ಆತ್ಮ’ ಅನ್ನೋ ಒಂದು ಪದ ಎರಡು ಗ್ರೀಕ್ ಪದಗಳ ಹೊರೆ ಹೊತ್ತಿರೋದರಿಂದ.

ಥೆಸಲೊನೀಕದ ವಚನದಲ್ಲಿ ‘ಆತ್ಮ’ ಅಂದರೆ ಪ್ನ್ಯೂಮ, ‘ಪ್ರಾಣ’ ಅಂದರೆ ಪ್ಸೂಖೆ. ಈಗ ಮತ್ತಾಯ 10:28ಕ್ಕೆ ಬನ್ನಿ. ಅಲ್ಲಿ ‘ಆತ್ಮ’ ಅಂತ ಅಚ್ಚಾಗಿರೋ ಕಡೆ ಗ್ರೀಕಿನಲ್ಲಿರೋದು ಪ್ನ್ಯೂಮ ಅಲ್ಲ, ಪ್ಸೂಖೆ. ಅಂದರೆ ಥೆಸಲೊನೀಕದವರಿಗೆ ಪೌಲ ಬರೆದ ಪತ್ರದಲ್ಲಿ ಪ್ರಾಣವಾಗಿದ್ದದ್ದೇ ಮತ್ತಾಯನಲ್ಲಿ ಆತ್ಮವಾಗಿದೆ. ಇದನ್ನು ಅನುವಾದಕರ ತಪ್ಪು ಅನ್ನೋಕಾಗಲ್ಲ. ‘ದೇಹವನ್ನು ಕೊಂದು ಪ್ರಾಣವನ್ನು ಕೊಲ್ಲಲಾರದವರು’ ಅಂತ ಬರೆದಿದ್ದರೆ ಕನ್ನಡದ ಕಿವಿ ಒಪ್ಪೋದೇ ಇಲ್ಲ. ಕೊಂದ ಮೇಲೆ ಪ್ರಾಣ ಹೋಯ್ತಲ್ಲ! ಹಾಗಾಗಿ ಅವರು ಅಲ್ಲಿ ‘ಆತ್ಮ’ ಹಾಕಲೇಬೇಕಾಯ್ತು. ಆದರೆ ಕನ್ನಡ ಬೈಬಲ್ ಮಾತ್ರ ಹಿಡಿದು ‘ಆತ್ಮ ಬೇರೆ, ಪ್ರಾಣ ಬೇರೆ’ ಅಂತ ಪಾಠ ಕಟ್ಟಿದರೆ ಅದು ಕುಸಿಯೋದೂ ಇಲ್ಲೇ.

ಹೀಬ್ರೂವಿನಲ್ಲಿ ಪ್ಸೂಖೆಗೆ ಸಮನಾದದ್ದು ನೆಫೆಶ್. ಹಳೇ ಒಡಂಬಡಿಕೆಯಲ್ಲಿ ಸುಮಾರು 750 ಸಲ ಬರುತ್ತೆ. ಅದರ ಒಂದು ಮೂಲಾರ್ಥ ಗಂಟಲು. ಯೆಶಾಯ 5:14ರಲ್ಲಿ ಪಾತಾಳ ಬಾಯಿ ತೆರೆಯುವಾಗ ಅಗಲ ಮಾಡಿಕೊಳ್ಳೋದು ತನ್ನ ನೆಫೆಶನ್ನೇ. ಕೀರ್ತನೆ 69ರ ಶುರುವಿನಲ್ಲಿ ನೀರು ಏರಿ ಬರೋದು ನೆಫೆಶ್ ತನಕ, ಅಂದರೆ ಕತ್ತಿನ ಮಟ್ಟಕ್ಕೆ. ‘ಜೀವ ಬಾಯಿಗೆ ಬಂತು’ ಅಂತ ನಾವು ಹೇಳ್ತೀವಲ್ಲ, ಆ ಜೀವ ಎಲ್ಲಿಂದ ಹೊರಟಿತ್ತೋ ಅದೇ ಜಾಗ. ಗಂಟಲಿನಿಂದ ಉಸಿರು, ಉಸಿರಿನಿಂದ ಜೀವ, ಜೀವದಿಂದ ‘ನಾನು’ ಅನ್ನೋ ಆಳು. ಪದ ಹೀಗೆ ಬೆಳೆದಿದೆ. ಆದಿಕಾಂಡ 2:7ರಲ್ಲಿ ‘ಪ್ರಾಣಿ’ ಆಗಿರೋದೂ ಇದೇ ನೆಫೆಶ್. ಕೀರ್ತನೆ 103ರಲ್ಲಿ ‘ನನ್ನ ಮನವೇ, ಯೆಹೋವನನ್ನು ಕೊಂಡಾಡು’ ಅನ್ನೋ ಕಡೆ ‘ಮನ’ ಆಗಿರೋದೂ ಇದೇ. ಅರಣ್ಯಕಾಂಡ 6:6ರಲ್ಲಿ ‘ಸತ್ತ ನೆಫೆಶ್’ ಅಂದರೆ ನೇರವಾಗಿ ಹೆಣ. ಸಾಯದ ಆತ್ಮ ಅನ್ನೋದು ಈ ಪದದ ಒಳಗೇ ಕೂತಿದೆ ಅಂತ ಹೇಳೋರು ಈ ಒಂದು ವಚನ ನೋಡಿದರೆ ಸಾಕು.

ಪ್ನ್ಯೂಮಕ್ಕೆ ಸಮನಾದದ್ದು ರೂಆಖ್, ಸುಮಾರು 380 ಸಲ. ಗಾಳಿ, ಉಸಿರು, ಚೈತನ್ಯ, ದೇವರಾತ್ಮ, ಎಲ್ಲಕ್ಕೂ ಅದೇ. ಯೋಹಾನ 3:8ರಲ್ಲಿ ಗಾಳಿ ಬೀಸೋದಕ್ಕೂ ಆತ್ಮನಿಂದ ಹುಟ್ಟೋದಕ್ಕೂ ಗ್ರೀಕಿನಲ್ಲಿ ಒಂದೇ ಪದ. ಕನ್ನಡದಲ್ಲಿ ಎರಡಾಗಿ ಒಡೆದುಹೋಗಿದೆ, ಯೇಸುವಿನ ಮಾತಿನ ಚಮತ್ಕಾರವೂ ಜೊತೆಗೇ ಹೋಯ್ತು.

ನಾಯಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತೆ. ಆದಿಕಾಂಡ 1:20 ಮತ್ತು 24ರಲ್ಲಿ ಮೀನು, ದನ, ಹುಳುಹುಪ್ಪಟೆಗಳಿಗೂ ‘ನೆಫೆಶ್ ಖಯ್ಯಾ’ ಅಂತಲೇ ಹೇಳಿದೆ, ಆದಾಮನಿಗೆ ಹೇಳಿದ ಅದೇ ಎರಡು ಪದ. ಪ್ರಸಂಗಿ 3:19 ಇನ್ನೂ ಬಿಚ್ಚಿ ಹೇಳುತ್ತೆ: ಮನುಷ್ಯನಿಗೂ ಮೃಗಕ್ಕೂ ರೂಆಖ್ ಒಂದೇ. ಹಾಗಾದರೆ ಮನುಷ್ಯನನ್ನು ಬೇರೆ ಮಾಡೋದು ಯಾವುದು? ಆದಿಕಾಂಡ 1:27ರ ‘ದೇವರ ಸ್ವರೂಪ’. ಮನುಷ್ಯನೊಳಗೆ ಹೆಚ್ಚುವರಿ ಭಾಗ ಒಂದನ್ನು ಇಟ್ಟಿದ್ದಾನೆ ಅಂತ ಆ ಅಧ್ಯಾಯ ಹೇಳಲ್ಲ.

ಇನ್ನೊಂದು ಗ್ರೀಕ್ ಪದ, ಸಾರ್ಕ್ಸ್ (ಮಾಂಸ). ಸತ್ಯವೇದ ಇದನ್ನು ಗಲಾತ್ಯ 5:19ರಲ್ಲಿ ‘ಶರೀರಭಾವ’ ಅಂತ ಮಾಡಿರೋದು ನಿಜಕ್ಕೂ ಜಾಣತನ. ಅಲ್ಲಿರೋ ಪಟ್ಟಿ ಓದಿ: ಹೊಟ್ಟೆಕಿಚ್ಚು, ಸಿಟ್ಟು, ಜಗಳ, ಪಕ್ಷಭೇದ. ಇವು ಮೈಯ ಪಾಪಗಳಲ್ಲವೇ ಅಲ್ಲ. ದೇಹ ಕೆಟ್ಟದ್ದು, ಆತ್ಮ ಒಳ್ಳೇದು ಅಂತ ಪೌಲ ಹೇಳಿದ ಅನ್ನೋದು ಸಾರ್ಕ್ಸ್ ಮತ್ತು ಸೋಮ (ದೇಹ) ಎರಡನ್ನೂ ಒಂದೇ ಅಂದುಕೊಂಡವರ ಮಾತು.

ಅತಿಪರಿಶುದ್ಧಸ್ಥಳ

ಹಳೇಪುಸ್ತಕ ಸರ್, ಪದಗಳ ವಿಚಾರ ಸರಿ. ಆದರೆ ಮೂರು ಅನ್ನೋರ ವಾದವನ್ನು ಮೊಳಕೆಯಲ್ಲೇ ಚಿವುಟಿ ಹಾಕಿದಿರಿ. ಇಬ್ರಿಯ 4:12ರಲ್ಲಿ ದೇವರ ವಾಕ್ಯ ‘ಪ್ರಾಣ ಆತ್ಮಗಳನ್ನೂ ಕೀಲು ಮಜ್ಜೆಗಳನ್ನೂ’ ವಿಭಾಗಿಸುತ್ತೆ ಅಂತಿದೆ. ಇಲ್ಲಿ ಪ್ಸೂಖೆ, ಪ್ನ್ಯೂಮ ಎರಡೂ ಒಟ್ಟಿಗೆ ಇವೆ. ಒಂದೇ ವಸ್ತುವಾಗಿದ್ದರೆ ವಿಭಾಗಿಸೋದು ಏನನ್ನು?

1 ಕೊರಿಂಥ 2:14 ಮತ್ತು 15 ಕೂಡ ನೋಡಿ. ‘ಪ್ರಾಕೃತ ಮನುಷ್ಯ’ ಅನ್ನೋದು ಗ್ರೀಕಿನಲ್ಲಿ ಪ್ಸೂಖಿಕೋಸ್, ಬರೀ ಪ್ಸೂಖೆಯಿಂದ ಬದುಕೋನು. ‘ಆತ್ಮಿಕ’ ಅನ್ನೋದು ಪ್ನ್ಯೂಮಾಟಿಕೋಸ್. ಬುದ್ಧಿ ಚುರುಕಾಗಿದೆ, ಭಾವನೆ ಉಕ್ಕುತ್ತೆ, ಆದರೂ ದೇವರ ವಿಷಯ ತಲೆಗೆ ಹತ್ತಲ್ಲ ಅನ್ನೋ ಸ್ಥಿತಿಗೆ ಪೌಲ ಹೆಸರಿಟ್ಟಿದ್ದಾನೆ. ಇದನ್ನು ವಿವರಿಸೋಕೆ ಎರಡು ಭಾಗ ಸಾಲಲ್ಲ ಅಂತಲೇ ಚೀನಾದ ಬೋಧಕ ವಾಚ್‌ಮನ್ ನೀ ಅಂಥವರು ಮೂರು ಭಾಗಗಳ ಬೋಧನೆಯನ್ನು ಅಷ್ಟು ವಿಸ್ತಾರವಾಗಿ ಕಟ್ಟಿದ್ದು.

ಪಾಠಕ್ಕೆ ಉಪಯೋಗವಾಗೋ ಚಿತ್ರ ಒಂದಿದೆ. ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ 1521ರಲ್ಲಿ ಮರಿಯಳ ಸ್ತುತಿಗೀತೆಗೆ ಬರೆದ ವ್ಯಾಖ್ಯಾನದಲ್ಲಿ ಮನುಷ್ಯನನ್ನು ಮೋಶೆಯ ದೇವದರ್ಶನದ ಗುಡಾರಕ್ಕೆ ಹೋಲಿಸಿದ. ಹೊರಗಿನ ಅಂಗಳ ದೇಹ, ಎಲ್ಲರ ಕಣ್ಣಿಗೂ ಬಯಲು. ಏಳು ದೀಪದ ಕಂಬ ಇರೋ ಪರಿಶುದ್ಧಸ್ಥಳ ಪ್ರಾಣ, ಅಲ್ಲಿ ತಿಳುವಳಿಕೆಯ ಬೆಳಕಿದೆ. ಒಳಗಿನ ಅತಿಪರಿಶುದ್ಧಸ್ಥಳ ಆತ್ಮ, ಅಲ್ಲಿ ದೀಪವೇ ಇಲ್ಲ, ಕತ್ತಲು. ದೇವರು ಅಲ್ಲಿರೋದು ನಂಬಿಕೆಗೆ ಮಾತ್ರ ಗೊತ್ತು. ಶ್ರೀರಂಗಪಟ್ಟಣದ ಗುಡಿ ನೋಡಿರೋ ಹುಡುಗರಿಗೆ ಪ್ರಾಕಾರ, ನವರಂಗ, ಗರ್ಭಗುಡಿ ಅಂದರೆ ಥಟ್ಟನೆ ಹಿಡಿಸುತ್ತೆ.

ಹಳೇಪುಸ್ತಕ, ಮೈಸೂರು

ಚಿತ್ರ ಚೆನ್ನಾಗಿದೆ, ಇಟ್ಟುಕೊಳ್ಳಿ. ಆದರೆ ಅದೇ ಬರಹದಲ್ಲಿ ಲೂಥರ್ ಆತ್ಮ, ಪ್ರಾಣ ಎರಡೂ ಸ್ವಭಾವದಲ್ಲಿ ಒಂದೇ, ಕೆಲಸದಲ್ಲಿ ಮಾತ್ರ ಬೇರೆ ಅಂತಲೂ ಹೇಳ್ತಾನೆ. ಅದನ್ನು ಬಿಟ್ಟು ಗುಡಾರ ಮಾತ್ರ ತೋರಿಸಿದರೆ ಅರ್ಧ ಲೂಥರ್ ಆಗುತ್ತೆ.

ಇಬ್ರಿಯ 4:12: ಪ್ರಾಣ*ದಿಂದ* ಆತ್ಮವನ್ನು ಸೀಳುತ್ತೆ ಅಂತ ಅಲ್ಲಿಲ್ಲ. ಕೀಲಿನಿಂದ ಮಜ್ಜೆಯನ್ನು ಯಾರೂ ಬೇರೆ ಮಾಡಲ್ಲ. ಅವು ಒಂದಕ್ಕೊಂದು ಅಂಟಿಕೊಂಡ ಪದರಗಳೇ ಅಲ್ಲ. ಕತ್ತಿ ಅಷ್ಟು ಆಳಕ್ಕೆ ಇಳಿಯುತ್ತೆ ಅನ್ನೋದು ಮಾತಿನ ಗುರಿ, ಮುಂದಿನ ತುಂಡೇ ಹೃದಯದ ಯೋಚನೆ ಉದ್ದೇಶಗಳ ಬಗ್ಗೆ ಇದೆ.

ಪಟ್ಟಿಗಳನ್ನೆಲ್ಲ ಭಾಗಗಳ ಲೆಕ್ಕ ಅಂತ ಹಿಡಿದರೆ ಮಾರ್ಕ 12:30ರಲ್ಲಿ ನಾಲ್ಕಾಗುತ್ತೆ: ಹೃದಯ, ಪ್ರಾಣ, ಬುದ್ಧಿ, ಶಕ್ತಿ. ಅದರ ಮೂಲವಾದ ಧರ್ಮೋಪದೇಶಕಾಂಡ 6:5ರಲ್ಲಿ ಮೂರೇ. ಪೌಲನೇ 1 ಕೊರಿಂಥ 7:34ರಲ್ಲಿ ದೇಹ, ಆತ್ಮ ಅಂತ ಎರಡಕ್ಕೆ ನಿಲ್ಲಿಸ್ತಾನೆ. ಲೂಕ 1:46, 47ರಲ್ಲಿ ಮರಿಯಳು ನನ್ನ ಪ್ರಾಣವು ಕೊಂಡಾಡುತ್ತೆ, ನನ್ನ ಆತ್ಮವು ಉಲ್ಲಾಸಪಡುತ್ತೆ ಅಂತ ಹಾಡೋದು ಹೀಬ್ರೂ ಕಾವ್ಯದ ಜೋಡಿ ಸಾಲು, ಒಂದೇ ಮಾತನ್ನು ಎರಡು ಸಲ ಹೇಳೋ ಕ್ರಮ. ಅಲ್ಲಿ ಎರಡು ಅಂಗಗಳು ಸರದಿ ಮೇಲೆ ಕೆಲಸ ಮಾಡ್ತಿಲ್ಲ. ಥೆಸಲೊನೀಕದ ವಚನದಲ್ಲೂ ಒತ್ತು ಬಿದ್ದಿರೋದು ‘ಸಂಪೂರ್ಣವಾಗಿ’ ಅನ್ನೋದರ ಮೇಲೆ. ‘ಮನೆ ಮಠ ಹೊಲ ಗದ್ದೆ ಎಲ್ಲ ಹೋಯ್ತು’ ಅಂದರೆ ನಾಲ್ಕು ಆಸ್ತಿಪತ್ರ ತೆಗೆದಿಡಿ ಅಂತ ಯಾರೂ ಕೇಳಲ್ಲ.

ಪ್ರಾಕೃತ, ಆತ್ಮಿಕ ಅನ್ನೋದು ಮಾತ್ರ ನೀವು ಹಿಡಿದಿರೋ ಗಟ್ಟಿ ಜಾಗ, ಒಪ್ಪಿದೆ. ಆದರೆ 1 ಕೊರಿಂಥ 15:44ರಲ್ಲಿ ಅದೇ ಎರಡು ಪದ *ದೇಹಕ್ಕೆ* ವಿಶೇಷಣವಾಗಿ ಬರುತ್ತೆ: ಪ್ರಾಕೃತ ದೇಹವಾಗಿ ಬಿತ್ತಿದ್ದು ಆತ್ಮಿಕ ದೇಹವಾಗಿ ಏಳುತ್ತೆ. ಆತ್ಮಿಕ ದೇಹ ಅಂದರೆ ಆತ್ಮದಿಂದ ಮಾಡಿದ ದೇಹ ಅಲ್ಲ, ಪವಿತ್ರಾತ್ಮನ ಹಿಡಿತದಲ್ಲಿರೋ ದೇಹ. ಹಾಗೇ ಆತ್ಮಿಕ ಮನುಷ್ಯ ಅಂದರೂ ಮೂರನೇ ಭಾಗ ಚಾಲೂ ಆದ ಮನುಷ್ಯ ಅಲ್ಲ.

ಅಶೋಕ ರಸ್ತೆ, ಮೈಸೂರು

ಎರಡೋ ಮೂರೋ ಅನ್ನೋ ಜಗಳದಲ್ಲಿ ಸಭೆ ಯಾಕೆ ಎರಡರ ಕಡೆ ವಾಲಿತು ಅನ್ನೋದನ್ನು ಯಾರೂ ಹೇಳಲಿಲ್ಲ. ಅದಕ್ಕೆ ಕಾರಣ ಕ್ರಿಸ್ತನ ಕುರಿತ ವಾದ.

4ನೇ ಶತಮಾನದಲ್ಲಿ ಲಾವೊದಿಕೀಯದ ಬಿಷಪ್ ಅಪೊಲ್ಲಿನಾರಿಸ್, ಕ್ರಿಸ್ತನಿಗೆ ಮನುಷ್ಯದೇಹ ಇತ್ತು, ಅದಕ್ಕೆ ಜೀವ ಕೊಡೋ ಪ್ರಾಣವೂ ಇತ್ತು, ಆದರೆ ಯೋಚಿಸೋ ಮೇಲಿನ ಭಾಗದ ಜಾಗದಲ್ಲಿ ದೇವರ ವಾಕ್ಯವೇ (ಅಂದರೆ ದೇವಪುತ್ರನೇ) ಕೂತಿತ್ತು ಅಂತ ಕಲಿಸಿದ. ಮನುಷ್ಯನನ್ನು ಮೂರು ಭಾಗ ಮಾಡಿದರೆ ಒಂದನ್ನು ತೆಗೆದು ಬೇರೊಂದನ್ನು ಕೂರಿಸೋದು ಸುಲಭ ನೋಡಿ. ನಾಜಿಯಾಂಜಸ್‌ನ ಗ್ರೆಗರಿ ಇದಕ್ಕೆ ಕೊಟ್ಟ ಉತ್ತರದ ಸಾರ: ಕ್ರಿಸ್ತ ಯಾವುದನ್ನು ತನ್ನದಾಗಿ ತೊಟ್ಟುಕೊಳ್ಳಲಿಲ್ಲವೋ ಅದು ವಾಸಿಯಾಗಿಲ್ಲ. ಮನುಷ್ಯನ ಮನಸ್ಸನ್ನೇ ತೊಡದಿದ್ದರೆ ನಮ್ಮ ಮನಸ್ಸಿಗೆ ರಕ್ಷಣೆ ಎಲ್ಲಿಂದ? 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅಪೊಲ್ಲಿನಾರಿಸನ ಬೋಧನೆಯನ್ನು ತಳ್ಳಿಹಾಕಿತು. 451ರಲ್ಲಿ ಖಾಲ್ಸೆಡನ್ ಮಹಾಸಭೆ ಕ್ರಿಸ್ತನ ಮನುಷ್ಯತ್ವಕ್ಕೆ ‘ವಿವೇಕವುಳ್ಳ ಆತ್ಮ ಮತ್ತು ದೇಹ’ ಅಂತ ಎರಡೇ ಹೆಸರು ಬರೆಯಿತು. ಮೂರರ ಬೋಧನೆಗೆ ಆಗಿನಿಂದ ಅನುಮಾನದ ವಾಸನೆ ಅಂಟಿಕೊಂಡಿತು. ಈಗ ಮೂರು ಅನ್ನೋರೆಲ್ಲ ಅಪೊಲ್ಲಿನಾರಿಸನ ಶಿಷ್ಯರು ಅಂತಲ್ಲ, ಅದು ಅನ್ಯಾಯದ ಮಾತು.

ನಮ್ಮ ಕಥೋಲಿಕ ಕಡೆ ಇನ್ನೊಂದು ಮೆಟ್ಟಿಲಿದೆ. 1312ರಲ್ಲಿ ವಿಯೆನ್ ಮಹಾಸಭೆ, ಆತ್ಮವೇ ದೇಹದ ‘ರೂಪ’ ಅಂತ ಹೇಳಿತು. ರೂಪ ಅಂದರೆ ಇಲ್ಲಿ ಆಕಾರ ಅಲ್ಲ. ಅರಿಸ್ಟಾಟಲನ ಅರ್ಥದಲ್ಲಿ, ಮಣ್ಣನ್ನು ಮನುಷ್ಯದೇಹವಾಗಿಸೋ ತತ್ವ. ಆತ್ಮ ಹೋದ ಮೇಲೆ ಉಳಿಯೋದನ್ನು ಹೆಣ ಅಂತೀವಿ, ದೇಹ ಅನ್ನೋದು ರೂಢಿಗಷ್ಟೇ. ಆಲೆಮನೆಯಲ್ಲಿ ಕಬ್ಬು ಹಿಂಡಿದರೆ ರಸ ಒಂದು ಕಡೆ, ಸಿಪ್ಪೆ ಒಂದು ಕಡೆ; ಆತ್ಮ ರಸ, ದೇಹ ಸಿಪ್ಪೆ ಅಂತ ಮಂಡ್ಯದಲ್ಲಿ ಯಾರಾದರೂ ಉದಾಹರಣೆ ಕೊಟ್ಟೇ ಕೊಡ್ತಾರೆ. ಅದು ಪ್ಲೇಟೋ, ಕ್ರೈಸ್ತಬೋಧನೆ ಅಲ್ಲ. ಸಿಪ್ಪೆಯನ್ನು ಒಲೆಗೆ ಹಾಕ್ತಾರೆ, ಕ್ರೈಸ್ತನಂಬಿಕೆಯಲ್ಲಿ ದೇಹ ಎದ್ದು ಬರುತ್ತೆ. ಮಧ್ಯಯುಗದ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ 1 ಕೊರಿಂಥ 15ರ ವ್ಯಾಖ್ಯಾನದಲ್ಲಿ ‘ನನ್ನ ಆತ್ಮ ನಾನಲ್ಲ’ ಅಂತ ಬರೆದ. ಬರೀ ಆತ್ಮ ಉಳಿದರೆ ನಾನು ಉಳಿದ ಹಾಗಾಗಲ್ಲ, ಪುನರುತ್ಥಾನ ಬೇಕೇ ಬೇಕು ಅನ್ನೋದು ಅವನ ವಾದ.

21 ಗ್ರಾಂ ವಿಷಯ ನಾನೇ ಮುಗಿಸ್ತೀನಿ. ಅಮೆರಿಕದ ಮ್ಯಾಸಚೂಸೆಟ್ಸಿನ ಡಾಕ್ಟರ್ ಡಂಕನ್ ಮ್ಯಾಕ್‌ಡೂಗಲ್ 1907ರಲ್ಲಿ ಪ್ರಕಟಿಸಿದ್ದು. ಸಾಯ್ತಾ ಇದ್ದ 6 ಜನರನ್ನು ಮಂಚದ ಸಮೇತ ತಕ್ಕಡಿ ಮೇಲೆ ಇಟ್ಟ. ಇಬ್ಬರ ಲೆಕ್ಕವನ್ನು ತಕ್ಕಡಿ ಸರಿಹೊಂದಿರಲಿಲ್ಲ ಅಂತ ಅವನೇ ಕೈಬಿಟ್ಟ. ಒಬ್ಬರ ತೂಕ ಇಳಿದು ಮತ್ತೆ ಏರಿತು, ಇಬ್ಬರದು ಸತ್ತ ಸ್ವಲ್ಪ ಹೊತ್ತಿನ ಮೇಲೆ ಇನ್ನೂ ಇಳಿಯಿತು. ಉಳಿದ ಒಬ್ಬರಲ್ಲಿ ಮುಕ್ಕಾಲು ಔನ್ಸ್ ಇಳಿದದ್ದೇ ಈ 21 ಗ್ರಾಂ. 15 ನಾಯಿಗಳಲ್ಲಿ ತೂಕ ಇಳಿಯಲಿಲ್ಲ, ಆದ್ದರಿಂದ ನಾಯಿಗೆ ಆತ್ಮ ಇಲ್ಲ ಅಂದ. ಆಗಲೇ ಇನ್ನೊಬ್ಬ ವೈದ್ಯ ತಿರುಗೇಟು ಕೊಟ್ಟ: ಉಸಿರು ನಿಂತಾಗ ರಕ್ತವನ್ನು ತಣಿಸೋದು ನಿಲ್ಲುತ್ತೆ, ಮೈ ಬಿಸಿಯಾಗಿ ಬೆವರು ಆವಿಯಾಗುತ್ತೆ, ನಾಯಿ ಮನುಷ್ಯನ ಹಾಗೆ ಮೈಯೆಲ್ಲ ಬೆವರಲ್ಲ. ಅದಿರಲಿ, ತೂಗೋಕೆ ಸಿಗೋದಾದರೆ ಅದು ದ್ರವ್ಯ. ಅಂಥ ಆತ್ಮವನ್ನು ಯಾವ ಮಹಾಸಭೆಯೂ ಬೋಧಿಸಿಲ್ಲ.

ಯದುಗಿರಿ ಮೆಟ್ಟಿಲು

ನಾನು ಕ್ರೈಸ್ತನಲ್ಲ. ಗೀತೆಯ ಪ್ರಶ್ನೆಗೆ ಸಂಬಂಧಪಟ್ಟಂತೆ ಮಾತ್ರ ನಾಲ್ಕು ಮಾತು.

ಗೀತೆ 2:20ರ ಪ್ರಕಾರ ಆತ್ಮಕ್ಕೆ ಹುಟ್ಟಿಲ್ಲ, ಸಾವಿಲ್ಲ. ‘ಸಾವಿಲ್ಲ’ ಅನ್ನೋದನ್ನು ನೋಡಿ ಎರಡೂ ಒಂದೇ ಅಂದುಕೊಳ್ತಾರೆ. ವ್ಯತ್ಯಾಸ ಇರೋದು ‘ಹುಟ್ಟಿಲ್ಲ’ ಅನ್ನೋದರಲ್ಲಿ. ಕ್ರೈಸ್ತರಲ್ಲಿ ಆತ್ಮ ಸೃಷ್ಟಿಯಾದದ್ದು, ಅದಕ್ಕೆ ಆರಂಭ ಇದೆ. ಹುಟ್ಟೋಕೆ ಮುಂಚೆಯೇ ಆತ್ಮಗಳಿದ್ದವು ಅನ್ನೋ, ಪುರಾತನ ಕ್ರೈಸ್ತ ಚಿಂತಕ ಒರಿಗೆನನ ಹೆಸರಿನ ಬೋಧನೆಯನ್ನು ಅವರು 6ನೇ ಶತಮಾನದಲ್ಲೇ ನಿರಾಕರಿಸಿದರು. ಪುನರ್ಜನ್ಮಕ್ಕೆ ಬಾಗಿಲು ಅಲ್ಲೇ ಮುಚ್ಚಿತು.

ವೇದಾಂತ ಎಲ್ಲ ಒಂದೇ ಅಂತಲೂ ಹೇಳಬೇಡಿ. ಅದ್ವೈತದಲ್ಲಿ ಆತ್ಮವೇ ಬ್ರಹ್ಮ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರಲ್ಲಿ ಜೀವ ಬ್ರಹ್ಮವಲ್ಲ, ಬ್ರಹ್ಮದ *ಶರೀರ*. ಅವರು ಶರೀರಕ್ಕೆ ಕೊಡೋ ಲಕ್ಷಣದಲ್ಲಿ ಕೈಕಾಲಿನ ಮಾತಿಲ್ಲ: ಒಬ್ಬ ಚೇತನ ಯಾವುದನ್ನು ಸಂಪೂರ್ಣವಾಗಿ ಹೊತ್ತು, ಆಳಿ, ತನ್ನ ಉದ್ದೇಶಕ್ಕೆ ಬಳಸುತ್ತಾನೋ ಅದು ಅವನ ಶರೀರ. ದೇವರನ್ನೇ ಆತುಕೊಂಡಿರೋ ಜೀವ ಅನ್ನೋ ಮಟ್ಟಿಗೆ ಇದು ಕ್ರೈಸ್ತರ ಮಾತಿಗೆ ಹತ್ತಿರ ಬರುತ್ತೆ. ಆದರೆ ಅಲ್ಲೂ ಜೀವ ಅನಾದಿ (ಆರಂಭ ಇಲ್ಲದ್ದು), ಅಣು (ಅತಿ ಸೂಕ್ಷ್ಮ). ಹತ್ತಿರ ಬಂದು ಅಲ್ಲಿ ಕವಲೊಡೆಯುತ್ತೆ. ಹಿಂದೂ ಹುಡುಗರಿಗೆ ‘ಆತ್ಮ’ ಅಂದಾಗ ಕೇಳಿಸೋದು ಇದೆಲ್ಲ, ಪಾಠದ ಮೊದಲ ಹತ್ತು ನಿಮಿಷದಲ್ಲೇ ಬಿಡಿಸಿ ಹೇಳಿ.

ಎಚ್ಚರದ ನಿದ್ರೆ

ಇಲ್ಲಿ ಎಲ್ಲರೂ ಸತ್ತ ಮೇಲೆ ಏನೋ ಒಂದು ಎಚ್ಚರವಾಗಿ ಉಳಿಯುತ್ತೆ ಅಂತ ಹಿಡಿದುಕೊಂಡೇ ಮಾತಾಡ್ತಿದ್ದೀರಿ. ಅಡ್ವೆಂಟಿಸ್ಟರು ಅನ್ನೋ ಕ್ರೈಸ್ತ ಪಂಗಡದವರು ಹಾಗೆ ನಂಬಲ್ಲ. ಮಣ್ಣು ಮತ್ತು ಜೀವಶ್ವಾಸ ಸೇರಿದಾಗ ಜೀವಿ. ಪ್ರಸಂಗಿ 12:7ರಂತೆ ಮಣ್ಣು ಮಣ್ಣಿಗೆ, ಶ್ವಾಸ ದೇವರ ಬಳಿಗೆ ಹೋದರೆ ಪುನರುತ್ಥಾನದ ತನಕ ಅರಿವಿಲ್ಲದ ಸ್ಥಿತಿ. ಪ್ರಸಂಗಿ 9:5, ಯೋಹಾನ 11:11, ಅಮರತ್ವ ದೇವರೊಬ್ಬನಿಗೇ ಅನ್ನೋ 1 ತಿಮೊಥೆ 6:16 ಇದರ ಆಧಾರ. ಪಾಠದಲ್ಲಿ ಇದಕ್ಕೂ ಜಾಗ ಕೊಡಿ.

ಹಳೇಪುಸ್ತಕ, ಮೈಸೂರು

ಕೊಡಲೇಬೇಕು. ಆದರೆ ಎದುರು ವಚನಗಳನ್ನೂ ಇಡಬೇಕು. ಆದಿಕಾಂಡ 35:18ರಲ್ಲಿ ರಾಹೇಲಳ ನೆಫೆಶ್ *ಹೊರಟುಹೋಗುತ್ತೆ*, 1 ಅರಸುಗಳು 17:22ರಲ್ಲಿ ಹುಡುಗನ ನೆಫೆಶ್ *ತಿರುಗಿ ಬರುತ್ತೆ*. ಜೀವ ಅಂತ ಓದಿ ಇವೆರಡನ್ನು ದಾಟಬಹುದು. ಫಿಲಿಪ್ಪಿ 1:23 ಅಷ್ಟು ಸುಲಭಕ್ಕೆ ಬಗ್ಗಲ್ಲ. ‘ಹೊರಟು ಕ್ರಿಸ್ತನ ಜೊತೆ ಇರೋದು’ ಬದುಕಿರೋದಕ್ಕಿಂತ ಬಹಳ ಉತ್ತಮ ಅಂತಾನೆ ಪೌಲ; ಅರಿವೇ ಇಲ್ಲದಿದ್ದರೆ ಉತ್ತಮ ಅನ್ನೋದು ಯಾರಿಗೆ? ಪ್ರೊಟೆಸ್ಟಂಟ್ ಸುಧಾರಕ ಕಾಲ್ವಿನ್ ಬರೆದ ಮೊದಮೊದಲ ದೇವಶಾಸ್ತ್ರದ ಕೃತಿಯೇ ಆತ್ಮನಿದ್ರೆಯ (ಸತ್ತ ಮೇಲೆ ಅರಿವಿಲ್ಲ ಅನ್ನೋ) ಬೋಧನೆಯ ವಿರುದ್ಧ, 1534ರಲ್ಲಿ ಬರೆದು 1542ರಲ್ಲಿ ಅಚ್ಚು ಮಾಡಿಸಿದ್ದು. ನನ್ನ ತೂಕ ಅವನ ಕಡೆಗೇ: ಮನುಷ್ಯ ಒಂದೇ ಇಡೀ ಜೀವಿ, ಸಾವು ಮಾತ್ರ ಅದನ್ನು ಬಲವಂತವಾಗಿ ಎರಡು ಮಾಡುತ್ತೆ.

ಕಬ್ಬಿನೂರು, ಮಂಡ್ಯ

ಎಲ್ಲರಿಗೂ ವಂದನೆ. ಇದನ್ನೆಲ್ಲ 90 ನಿಮಿಷಕ್ಕೆ ಹೊಂದಿಸೋದು ಹೇಗೆ? ಲೂಕ 23:43ರ ಕಳ್ಳನ ವಚನ, ಅಂದರೆ ಪಕ್ಕದ ಶಿಲುಬೆಯ ಕಳ್ಳನಿಗೆ ಯೇಸು ಪರದೈಸಿನ ಮಾತು ಕೊಟ್ಟದ್ದು, ಸೇರಿಸಲಾ, ಬಿಡಲಾ?

ಹಳೇಪುಸ್ತಕ, ಮೈಸೂರು

ವಚನ 12ಕ್ಕಿಂತ ಹೆಚ್ಚು ಬೇಡ. ಮೊದಲ 10 ನಿಮಿಷ, ಯದುಗಿರಿಯವರು ಹೇಳಿದ ಹಾಗೆ, ‘ಆತ್ಮ’ ಅಂದಾಗ ಯಾರಿಗೆ ಏನು ಹೊಳೆಯುತ್ತೆ ಅಂತ ಕೇಳಿ ಬೋರ್ಡಿನ ಒಂದು ಮೂಲೆಯಲ್ಲಿ ಬರೆದಿಡಿ. ಆಮೇಲೆ 35 ನಿಮಿಷ ಪದಗಳಿಗೆ. ಬೋರ್ಡಲ್ಲಿ ನಾಲ್ಕು ಕಂಬ ಹಾಕಿ: ವಚನ, ಸತ್ಯವೇದದ ಪದ, ಮೂಲಪದ, ಅಲ್ಲಿ ಹೊಂದೋ ಅರ್ಥ. ಮೂಲಪದ ಹುಡುಕೋಕೆ ಸ್ಟ್ರಾಂಗ್ಸ್ ನಂಬರು (ಬೈಬಲಿನ ಒಂದೊಂದು ಮೂಲಪದಕ್ಕೂ ಕೊಟ್ಟಿರೋ ಸಂಖ್ಯೆ) ಸಾಕು, ಮೊಬೈಲ್ ಆಪ್‌ಗಳಲ್ಲೂ ಸಿಗುತ್ತೆ: ಹೀಬ್ರೂ 5315 ನೆಫೆಶ್, 7307 ರೂಆಖ್, ಗ್ರೀಕ್ 5590 ಪ್ಸೂಖೆ, 4151 ಪ್ನ್ಯೂಮ. ಕೊನೆಯ ಕಂಬವನ್ನು ಹುಡುಗರೇ ತುಂಬಲಿ. ಇಲ್ಲಿ ಸಾಮಾನ್ಯವಾಗಿ ಆಗೋ ಎಡವಟ್ಟು ಅಂದರೆ, ನಿಘಂಟಿನಲ್ಲಿರೋ ಆರೇಳು ಅರ್ಥಗಳನ್ನೂ ಒಂದೇ ವಚನಕ್ಕೆ ಸುರಿಯೋದು. ಒಂದು ಜಾಗಕ್ಕೆ ಒಂದೇ ಅರ್ಥ.

ಎರಡು ಭಾಗ, ಮೂರು ಭಾಗ, ಭಾಗಗಳಿಲ್ಲದ ಒಂದೇ ಇಡೀ ಜೀವಿ ಅನ್ನೋ ಮೂರು ನಿಲುವುಗಳಿಗೆ 25 ನಿಮಿಷ. 21 ಗ್ರಾಂಗೆ 5 ನಿಮಿಷ ದಾಟಬೇಡಿ, ಬಿಟ್ಟರೆ ಅದೇ ಪಾಠವನ್ನು ನುಂಗುತ್ತೆ. ಆತ್ಮ ತಂದೆತಾಯಿಯಿಂದ ಬರುತ್ತೋ, ಒಬ್ಬೊಬ್ಬರಿಗೂ ದೇವರು ಹೊಸದಾಗಿ ಸೃಷ್ಟಿಸ್ತಾನೋ ಅನ್ನೋ, ಪುರಾತನ ಕ್ರೈಸ್ತ ಲೇಖಕ ತೆರ್ತುಲ್ಲಿಯನನ ಕಾಲದ ಜಗಳವನ್ನು ಈ ಸಲ ಎತ್ತಲೇಬೇಡಿ.

ಉಳಿದ 15 ನಿಮಿಷ ಕಳ್ಳನ ವಚನಕ್ಕೆ. ಆದರೆ ಕನ್ನಡದಲ್ಲಿ ಓದಿಸಿದರೆ ಚರ್ಚೆ ಹುಟ್ಟೋದೇ ಇಲ್ಲ. ನಮ್ಮ ಭಾಷೆಯಲ್ಲಿ ‘ಇಂದು’ ಅನ್ನೋದು ‘ಎಂದು’ವಿನ ಮುಂಚೆ ಬಂದ ತಕ್ಷಣ ತೀರ್ಮಾನ ಆಗಿಹೋಗಿರುತ್ತೆ, ಅನುವಾದಕರು ನಮ್ಮ ಪರವಾಗಿ ಆಯ್ಕೆ ಮಾಡಿಬಿಟ್ಟಿರ್ತಾರೆ. ಗ್ರೀಕಿನ ಪದಗಳ ಸಾಲನ್ನೇ, ಹಳೇ ಪ್ರತಿಗಳಲ್ಲಿ ಇರದಂಥ ವಿರಾಮಚಿಹ್ನೆ ಒಂದನ್ನೂ ಹಾಕದೆ, ಹೀಗೆ ಬರೆಯಿರಿ:

ಆಮೆನ್ ನಿನಗೆ ಹೇಳುತ್ತೇನೆ ಇಂದು ನನ್ನ ಸಂಗಡ ಇರುವಿ ಪರದೈಸಿನಲ್ಲಿ

ಸೀಮೆಸುಣ್ಣ ಒಬ್ಬರ ಕೈಗೆ ಕೊಟ್ಟು ಅಲ್ಪವಿರಾಮ ಎಲ್ಲಿಗೆ ಅಂತ ಕೇಳಿ. ‘ಇಂದು’ವಿಗೆ ಮೊದಲೇ ಹಾಕಿದರೆ ಕಳ್ಳ ಆ ದಿನವೇ ಪರದೈಸಿನಲ್ಲಿ, ‘ಇಂದು’ ಆದ ಮೇಲೆ ಹಾಕಿದರೆ ಮಾತು ಕೊಟ್ಟದ್ದು ಮಾತ್ರ ಆ ದಿನ. ಇಬ್ಬರೂ ಹಾಕಿ ವಾದ ಮಾಡಿದ ಮೇಲೆ ಒಂದು ಕೆಲಸ ಕೊಡಿ: ‘ನಿನಗೆ ಸತ್ಯವಾಗಿ ಹೇಳುತ್ತೇನೆ’ ಅಂತ ಯೇಸು ಹೇಳೋ ಬೇರೆ ಯಾವ ಕಡೆಯಲ್ಲಾದರೂ ‘ಇಂದು’ ಅನ್ನೋದು ‘ಹೇಳುತ್ತೇನೆ’ಗೆ ಅಂಟಿಕೊಂಡಿದೆಯಾ ಅಂತ ನಾಲ್ಕೂ ಸುವಾರ್ತೆ ಹುಡುಕಿ ಬರಲಿ. ಮಾರ್ಕ 14:30 ಬಿಡದೆ ನೋಡೋಕೆ ಹೇಳಿ.